ಬ್ಯಾಟರಿ ಬಿಟ್ಟು ಹೋಗುವಂತಿಲ್ಲ

ಕಾಂತೇಶನಿಗೆ ಇಪ್ಪತ್ತಾರು ತುಂಬಿತ್ತು, ಡಿಪ್ಲೊಮಾದ ಸರ್ಟಿಫಿಕೇಟು ಟ್ರಂಕಿನ ತಳದಲ್ಲಿತ್ತು. ಆದರೂ ಬೈಕಿನ ಬ್ಯಾಟರಿಯನ್ನು ಬಿಸಿಲಿಗಿಟ್ಟರೆ ಚಾರ್ಜ್ ಆಗುತ್ತದೆ ಎಂದು ಅವನು ಎರಡು ದಿನ ಪೂರ್ತಿ ನಂಬಿದ್ದ. ಅದಕ್ಕೆ ಅವನ ಹತ್ತಿರ ತರ್ಕವೂ ಇತ್ತು. ಹೊಲದ ಮನೆಯ ಸೋಲಾರ್ ದೀಪವನ್ನು ಹಗಲು ಬಿಸಿಲಿಗಿಟ್ಟರೆ ಸಂಜೆ ಉರಿಯುತ್ತದೆ. ಆ ದೀಪದ ಹೊಟ್ಟೆಯೊಳಗಿರುವುದೂ ಬ್ಯಾಟರಿಯೇ. ಬೈಲಹೊಂಗಲದ ಏಪ್ರಿಲ್ ಬಿಸಿಲಂತೂ ಯಾರಪ್ಪನ ಮನೆಯದೂ ಅಲ್ಲ, ಪುಕ್ಕಟೆ ಸುರಿಯುತ್ತಿದೆ. ಮಾಳಿಗೆಯ ಮೇಲೆ ಅವ್ವ ಸಾವಿತ್ರೆವ್ವ ಸಂಡಿಗೆ ಹರವಿದ್ದಳು. ಅದೇ ಹಳೆಯ ಸೀರೆಯ ಒಂದು ಮೂಲೆಗೆ ಬ್ಯಾಟರಿಯನ್ನೂ ಇಟ್ಟು ಕೆಳಗಿಳಿದ. ಸಂಜೆ ಅವ್ವ ಸಂಡಿಗೆಯ ಜೊತೆಗೆ ಅದನ್ನೂ ಮಗ್ಗಲು ಬದಲಿಸಿ ಇಟ್ಟಳು.

"ಒಂದ ಕಡೆ ಅಷ್ಟ ಕಾದಿತ್ತೋ, ಅದಕ್ಕ ಹೊಳ್ಳಿಸಿ ಇಟ್ನಿ," ಎಂದಳು.

ಮೂರನೆಯ ದಿನ ಬ್ಯಾಟರಿಯನ್ನು ಗಾಡಿಗೆ ಕೂರಿಸಿ ಗುಂಡಿ ಒತ್ತಿದ. ಟಿಕ್ ಎಂದಿತು. ಅಷ್ಟೇ. ಅವನ ಗಾಡಿಗೆ ಕಿಕ್ಕೂ ಇರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಇನ್ನೊಂದ ಬಿಸಲ ಬೇಕಿತ್ತೇನೊ," ಎಂದು ಒಳಗೆ ಹೋದಳು.

ಔಷಧ ಏಜೆನ್ಸಿಯೊಂದರಲ್ಲಿ ಅವನ ಕೆಲಸ. ಸೋಮವಾರ ಕಿತ್ತೂರು, ಮಂಗಳವಾರ ಸವದತ್ತಿ, ಶುಕ್ರವಾರ ಮುನವಳ್ಳಿಯ ಮೇಲೆ ಹಾಯ್ದು ರಾಮದುರ್ಗ. ಹಿಂದಿನ ಸೀಟಿಗೆ ಡಬ್ಬ ಕಟ್ಟಿಕೊಂಡು ಔಷಧದಂಗಡಿಗಳಿಗೆ ಹಂಚಿ ಬರಬೇಕು. ಗಾಡಿ ನಿಂತರೆ ಪಗಾರವೂ ನಿಂತ ಹಾಗೆ. ಬ್ಯಾಟರಿಯನ್ನು ಬಗಲಲ್ಲಿ ಹಿಡಿದುಕೊಂಡು ಪೇಟೆಯ ಅಂದಾನೆಪ್ಪನ ಬ್ಯಾಟರಿ ಅಂಗಡಿಗೆ ಹೋದ. ಊರಿಗೆಲ್ಲ ಅದೇ ಹಳೆಯ ಅಂಗಡಿ. ಗೋಡೆಯುದ್ದಕ್ಕೂ ಟ್ರ್ಯಾಕ್ಟರಿನ ಬ್ಯಾಟರಿಗಳು ಒಂದಕ್ಕೊಂದು ತಂತಿ ಕಟ್ಟಿಕೊಂಡು ಕೂತಿದ್ದವು. ಮೂಲೆಯಲ್ಲಿ ಕಪಾಟಿನಷ್ಟು ದೊಡ್ಡ ಚಾರ್ಜರು ಗುಂಯ್ ಎನ್ನುತ್ತಿತ್ತು. ಅದರ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟ ಅಂದಾನೆಪ್ಪ ಕುರ್ಚಿಯಲ್ಲಿದ್ದ.

ಕಾಂತೇಶ ಪ್ರಾಮಾಣಿಕ ಮನುಷ್ಯ. ಬಿಸಿಲಿನ ವಿಷಯ ಹೇಳಿಬಿಟ್ಟ.

ಅಂದಾನೆಪ್ಪ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ಕರೆದು ನಕ್ಕ. "ಬ್ಯಾಟರೀನ ಹಪ್ಪಳ ಮಾಡ್ಯಾನ ನೋಡ್ರಿ! ಕರದ ತಿನ್ನೂದ ಅಷ್ಟ ಬಾಕಿ! ಇಲ್ಲಿಟ್ಟ ಹೋಗೊ, ಒಂದ ತಾಸಿನ್ಯಾಗ ತುಂಬಸಿ ಇಡತೇನಿ."

ಅಷ್ಟರಲ್ಲಿ ರಸ್ತೆಯ ಆಚೆಯಿಂದ ಒಂದು ಹೆಣ್ಣು ದನಿ ಬಂತು. "ಏ ತಮ್ಮಾ! ಆ ದೊಡ್ಡ ಚಾರ್ಜರಿಗೆ ಹಚ್ಚಿಸಬ್ಯಾಡ. ಗಾಡಿ ಬ್ಯಾಟರಿ ಅದು, ಕುದದ ಹೋಗತೈತಿ!"

ಅಂದಾನೆಪ್ಪನ ನಗೆ ಅಲ್ಲೇ ನಿಂತಿತು. "ಆಕೀ ಮಾತ ಕೇಳಬ್ಯಾಡ," ಎಂದ, ಆಚೆಗೂ ಕೇಳುವ ಹಾಗೆ. "ಕುದಸೂ ಗುರುಬಸವ್ವ ಅಂತ ಹೆಸರೈತಿ ಆಕೀಗಿ. ಅಡಗಿ ಮಾಡೂದ ಬಿಟ್ಟ ಬ್ಯಾಟರಿ ಮಾಡಾಕ ಬಂದಾಳ."

ಕಾಂತೇಶ ಬ್ಯಾಟರಿ ಎತ್ತಿಕೊಂಡು ರಸ್ತೆ ದಾಟಿದ. ವಿಚಾರ ಮಾಡಿ ದಾಟಿದ ಎಂದು ಮುಂದೆ ಹಲವರ ಹತ್ತಿರ ಕೊಚ್ಚಿಕೊಂಡಿದ್ದಾನೆ. ನಿಜ ಹೇಳಬೇಕೆಂದರೆ ಹಪ್ಪಳದ ಮಾತಿಗೆ ಕಿವಿ ಕೆಂಪಾಗಿ, ಆ ಅಂಗಡಿಯಿಂದ ಹೇಗಾದರೂ ಹೊರಬಿದ್ದರೆ ಸಾಕಾಗಿತ್ತು.

ಎದುರಿಗೆ ಕಾಡಪ್ಪನ ಹಿಟ್ಟಿನ ಗಿರಣಿ. ಅದರ ಬಗಲಿಗೆ ಹತ್ತಡಿಯ ಒಂದು ಖೋಲಿ. ಒಂದು ಟೇಬಲ್ಲು, ಅದರ ಮೇಲೆ ಊಟದ ಡಬ್ಬಿಯಷ್ಟು ಸಣ್ಣ ಎರಡು ಚಾರ್ಜರು, ಒಂದು ಮೀಟರು, ಒಂದು ತುಂಡು ಖಡು, ಅಂದರೆ ಸೀಮೆಸುಣ್ಣ. ಹೊರಗೆ ಕಟ್ಟಿಗೆಯ ಬೆಂಚು. ಬಾಗಿಲ ಮೇಲಿನ ಬೋರ್ಡಿನಲ್ಲಿ ಅಂಗಡಿಯ ಹೆಸರೇ ಇರಲಿಲ್ಲ. ಕೆಂಪು ಬಣ್ಣದಲ್ಲಿ ಎರಡೇ ಸಾಲು: ಬ್ಯಾಟರಿ ಬಿಟ್ಟು ಹೋಗುವಂತಿಲ್ಲ. ಮಾಲಕರು ಎದ್ದರೆ ಪ್ಲಗ್ ತೆಗೆಯಲಾಗುವುದು.

ಗುರುಬಸವ್ವನಿಗೆ ಐವತ್ತರ ಸುಮಾರು. ಗಿಡ್ಡ ದೇಹ, ಹಣೆ ತುಂಬ ವಿಭೂತಿ. ಸೀರೆಯ ಸೆರಗಿನಲ್ಲಿ ಆಸಿಡ್ ಬಿದ್ದು ಸುಟ್ಟ ಸಣ್ಣ ಸಣ್ಣ ತೂತುಗಳು. ಬ್ಯಾಟರಿಯ ಎರಡು ತುದಿಗೆ ಮೀಟರಿನ ಕಡ್ಡಿ ತಾಗಿಸಿ ನೋಡಿದಳು.

"ಹನ್ನೊಂದ ಪಾಯಿಂಟ್ ಆರ ವೋಲ್ಟ್. ಜೀವ ಐತಿ, ಉಳೀತೈತಿ. ಹಿಡಿ ಖಡು. ನಿನ್ನ ಹೆಸರ ಬರಿ, ಊರ ಬರಿ, ಎಷ್ಟ ವೋಲ್ಟ್ ಇತ್ತು ಬರಿ, ಎಷ್ಟ ಆಂಪಿಯರಿಗೆ ಹಚ್ಚಿದ್ನಿ ಬರಿ. ಬರದ ಸಹಿ ಮಾಡು."

"ಬ್ಯಾಟರಿ ಮ್ಯಾಲೇನ್ರಿ?"

"ಮತ್ತ ನನ್ನ ಹಣೀ ಮ್ಯಾಲೇನು?"

ಬರೆದ. ಅರ್ಧ ಆಂಪಿಯರು, ಹತ್ತು ತಾಸು. ಹತ್ತು ತಾಸು ಬೆಂಚಿನ ಮೇಲೆ ಕೂರಬೇಕೆಂದು ತಿಳಿದಾಗ ಕಾಂತೇಶ ಏಜೆನ್ಸಿಗೆ ಫೋನು ಮಾಡಿ ಹೊಟ್ಟೆನೋವು ಎಂದ. ಏಜೆನ್ಸಿಯ ಗೋದಾಮು ಇದ್ದದ್ದು ಅದೇ ಗಿರಣಿಯ ಹಿಂದೆ. ಅರ್ಧ ತಾಸಿನಲ್ಲಿ ಏಜೆನ್ಸಿಯ ಮಾಲಕರು ಹಿಟ್ಟು ಬೀಸಿಸಲು ಬಂದು, ಬೆಂಚಿನ ಮೇಲಿದ್ದ ಅವನನ್ನು ನೋಡಿ, "ಹೊಟ್ಟಿಗೂ ಇಲ್ಲೇ ಚಾರ್ಜ್ ಮಾಡತಾರೇನ?" ಎಂದು ಕೇಳಿ ಹೋದರು.

ಆ ಹತ್ತು ತಾಸಿನಲ್ಲಿ ಕಾಡಪ್ಪ ಹೇಳಿದ್ದರಿಂದ ಕಾಂತೇಶನಿಗೆ ಕತೆಯೆಲ್ಲ ಗೊತ್ತಾಯಿತು.

ಅಂದಾನೆಪ್ಪ ಆಕೆಗೆ ಹೊರಗಿನವನಲ್ಲ, ಗಂಡನ ಅಣ್ಣ. ಗಂಡ ಬಸವಲಿಂಗ ನವಿಲುತೀರ್ಥದ ಡ್ಯಾಮಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಊರಿಗೆ ಬರುವವ. ಗುರುಬಸವ್ವ ಭಾವನ ಅಂಗಡಿಯಲ್ಲಿ ಹದಿನಾಲ್ಕು ವರ್ಷ ದುಡಿದಳು. ಮೊದಲು ಕಸ ಹೊಡೆಯಲು, ಆಮೇಲೆ ಡಿಸ್ಟಿಲ್ಡ್ ನೀರು ಹಾಕಲು, ಆಮೇಲೆ ಎಲ್ಲವನ್ನೂ. ಏಳನೆಯ ಇಯತ್ತೆ ಓದಿದವಳು ವಾಸನೆಯ ಮೇಲೆಯೇ ಬ್ಯಾಟರಿ ಎಷ್ಟು ತುಂಬಿದೆ ಎಂದು ಹೇಳುವಷ್ಟು ಕಲಿತಳು. ಸವದತ್ತಿ ಕಡೆಯ ರೈತರು ಸಹ, 'ಸಾವಕಾರ ಇರದಿದ್ರೂ ನಡೀತೈತಿ, ಆ ಹೆಣ್ಮಗಳ ಇರಬೇಕು' ಎನ್ನುತ್ತಿದ್ದರು. ಈ ಮಾತು ಅಂದಾನೆಪ್ಪನ ಕಿವಿಗೂ ಬಿದ್ದಿತ್ತು.

ಮೂರು ವರ್ಷದ ಹಿಂದೆ ಸಂಪಗಾಂವದ ನೀಲಕಂಠ ಮಾಸ್ತರರು ಹೊಸ ಗಾಡಿಯ ಬ್ಯಾಟರಿ ತಂದುಕೊಟ್ಟರು. ಗುರುಬಸವ್ವ ಅದನ್ನು ಸಣ್ಣ ಚಾರ್ಜರಿಗೆ ಹಚ್ಚಿ ಮಧ್ಯಾಹ್ನ ಊಟಕ್ಕೆ ಹೋದಳು. ಮಾಸ್ತರರಿಗೆ ಅವಸರವಿತ್ತು. ಅಂದಾನೆಪ್ಪ ದೊಡ್ಡಸ್ತಿಕೆಗೆ ಬಿದ್ದು ಅದನ್ನು ಕಿತ್ತು ಟ್ರ್ಯಾಕ್ಟರಿನ ಚಾರ್ಜರಿಗೆ ಹಚ್ಚಿ, ಎಂಟು ಆಂಪಿಯರು ಬಿಟ್ಟ. ಒಂದು ತಾಸಿನಲ್ಲಿ ಬ್ಯಾಟರಿ ಕುದ್ದು ಉಬ್ಬಿತು. ಗಾಡಿಗೆ ಕೂರಿಸುವಾಗ ಸೀಳಿ, ಆಸಿಡ್ಡು ಮಾಸ್ತರರ ಹೊಸ ಗಾಡಿಯ ಮೇಲೂ ಪ್ಯಾಂಟಿನ ಮೇಲೂ ಇಳಿಯಿತು. ಸಂತೆಯ ದಿನ, ಅಂಗಡಿಯ ಮುಂದೆ ಐವತ್ತು ಜನ. ಊಟ ಮುಗಿಸಿ ಬಂದ ಗುರುಬಸವ್ವನ ಕಡೆ ಕೈ ಮಾಡಿ ಅಂದಾನೆಪ್ಪ ಹೇಳಿದ: "ಹೆಂಗಸರ ಕೈಯಾಗ ಕೊಟ್ರ ಇದ ಹಣೇಬಾರ. ಅಡಗಿಮನಿ ಅಂತ ತಿಳಕೊಂಡ ಬ್ಯಾಟರೀನೂ ಕುದಸ್ಯಾಳ ನೋಡ್ರಿ."

ಐವತ್ತು ಜನ ನಕ್ಕರು. ಮಾಸ್ತರರು ಆಕೆಯ ಮುಖ ನೋಡಿ, ಗಾಡಿ ತಳ್ಳಿಕೊಂಡು ಹೋದರು. ಗುರುಬಸವ್ವ ರಬ್ಬರಿನ ಕೈಗವಸು ಕಳಚಿ ಟೇಬಲ್ಲಿನ ಮೇಲಿಟ್ಟು ಹೊರಬಿದ್ದಳು. ಮರುದಿನದಿಂದ ಊರಲ್ಲಿ ಆಕೆಗೆ ಬೇರೆ ಹೆಸರೇ ಉಳಿಯಲಿಲ್ಲ. ತರಕಾರಿಯವಳು ಸಹ, "ಕುದಸೂ ಗುರುಬಸವ್ವಾರ, ಬದನಿಕಾಯಿ ಒಯ್ಯರಿ, ಚೊಲೋ ಕುದೀತಾವ," ಎಂದಳು.

"ಬಿಡ ಇನ್ನ, ಅಣ್ಣ ಅದಾನ," ಎಂದ ಗಂಡ.

"ನಿಮಗ ಅಣ್ಣ," ಎಂದಳು ಆಕೆ.

ಕೊರಳಲ್ಲಿದ್ದ ಎರಡೆಳೆಯ ಸರ ಮಾರಿ, ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋಗಿ ಚಾರ್ಜರು ತಂದಳು. ಖೋಲಿ ಬೇರೆ ಕಡೆ ಕಡಿಮೆ ಬಾಡಿಗೆಗೆ ಸಿಗುತ್ತಿತ್ತು, ಬೇಡವೆಂದಳು. ಭಾವನ ಅಂಗಡಿಯ ಬಾಗಿಲಿಗೆ ನೇರ ಎದುರು ಬಾಗಿಲೇ ಬೇಕಿತ್ತು. ಯಾವ ಬ್ಯಾಟರಿಯನ್ನು ಯಾರು, ಎಷ್ಟಕ್ಕೆ ಹಚ್ಚಿದರು ಎಂಬುದಕ್ಕೆ ಇನ್ನು ಮುಂದೆ ಮಾಲಕನ ಕೈಬರಹವೇ ಸಾಕ್ಷಿ ಇರಲಿ, ಮಾಲಕನ ಕಣ್ಣ ಮುಂದೆಯೇ ಚಾರ್ಜ್ ಆಗಲಿ ಎಂದು ಆ ಬೋರ್ಡು ಬರೆಸಿದಳು.

ಇದಿಷ್ಟೇ ಆಗಿದ್ದರೆ ಸ್ವಾಭಿಮಾನ ಎನ್ನಬಹುದಿತ್ತು. ಸಂಜೆ ಬ್ಯಾಟರಿ ತುಂಬಿ, ಕಾಂತೇಶ ಗಾಡಿ ತಂದು ಕೂರಿಸಿಕೊಂಡು ಹೊರಡುವಾಗ ಆಕೆ ಹೇಳಿದಳು: "ತಮ್ಮಾ, ಹಾರ್ನ್ ಪರೀಕ್ಷಾ ಮಾಡಬೇಕು. ಇಲ್ಲಲ್ಲ. ಅಲ್ಲಿ, ಆ ಅಂಗಡಿ ಬಾಗಲ ಮುಂದ ನಿಲ್ಲಸು. ಎರಡ ಸಲ ಒತ್ತು. ಜೋರ."

ಕಾಂತೇಶ ಹೋಗಿ ಒತ್ತಿದ. ಒಳಗೆ ಅಂದಾನೆಪ್ಪ ಹಲ್ಲು ಕಡಿಯುವುದು ಕಾಣಿಸಿತು. ಹಪ್ಪಳದ ಲೆಕ್ಕಕ್ಕೆ ಅವನು ತನ್ನ ಕಡೆಯಿಂದ ಮೂರನೆಯದನ್ನೂ ಒತ್ತಿದ. ಹಿಂದೆ ಬೆಂಚಿನ ಮೇಲೆ ಮುಂದಿನ ಗಿರಾಕಿ ಖಡು ಹಿಡಿದು ಹೆಸರು ಬರೆಯುತ್ತಿದ್ದ. ಮೂರು ವರ್ಷದಿಂದ ದಿನಕ್ಕೆ ಎರಡೋ ಮೂರೋ ಗಾಡಿಗಳು ಆ ಬಾಗಿಲ ಮುಂದೆ ಹೀಗೆ ಒದರಿ ಹೋಗುತ್ತಿದ್ದವು.

ಮುಂದೆ ಕಾಂತೇಶ ತನ್ನದೇ ಒಂದು ಚಾರ್ಜರು ಕೊಳ್ಳಬೇಕೆಂದು ಮೊಬೈಲಿನಲ್ಲಿ ಆರಿಸಿ, ಆಕೆಗೆ ತೋರಿಸಿದ. ಹತ್ತು ಆಂಪಿಯರಿನದು, ಲಾರಿಯನ್ನೂ ಚಾಲೂ ಮಾಡುತ್ತದಂತೆ, ನಾಲ್ಕೂವರೆ ನಕ್ಷತ್ರ.

"ನಕ್ಷತ್ರ ಕೊಟ್ಟವರ ಯಾರು? ಲಾರಿ ಡ್ರೈವರ್ರು," ಎಂದಳು ಗುರುಬಸವ್ವ. "ಒಂದ ಹೊತ್ತಿಗೆ ನೀ ಎಷ್ಟ ರೊಟ್ಟಿ ತಿಂತಿ?"

"ಮೂರ್ರಿ."

"ಮೂವತ್ತ ಒಮ್ಮೆಲೇ ತುರಕಿದ್ರ ಏನಾಕ್ಕೈತಿ? ನಿನ್ನ ಬ್ಯಾಟರಿ ಐದ ಎಎಚ್‌ದು, ಅಂದ್ರ ಅದರ ಹೊಟ್ಟಿ ಅಷ್ಟ ಸಣ್ಣದು. ಅದರ ಹತ್ತನೇ ಭಾಗ ಕೊಡೂದ ನೋಡು, ಅರ್ಧ ಆಂಪಿಯರು. ಭಾಳ ಆದ್ರ ಒಂದು. ತುಂಬಿದ ಕೂಡ್ಲೆ ತಾನ ಬಂದ್ ಆಗಬೇಕು. ನಿನ್ನಂಥಾವ ಕೆಂಪಿಗೆ ಕರೇದ ಹಚ್ಚಿದ್ರೂ ಸುಡಬಾರದು, ಅಂಥಾದ ಆರಸು. ಗಾಡಿಯಿಂದ ಬಿಚ್ಚುವಾಗ ಮೊದಲ ಕರೇ ತಂತಿ, ಹಚ್ಚುವಾಗ ಮೊದಲ ಕೆಂಪ. ಮತ್ತ ಮಾಳಿಗಿ ಮ್ಯಾಲ ಒಯ್ಯಬ್ಯಾಡ."

ಹೀಗೆ ಮಾತಿಗೆ ಮಾತು ಬೆಳೆದು, ಔಷಧದ ಡಬ್ಬ ಇಲ್ಲದ ಹೊತ್ತಿನಲ್ಲಿ ಕಾಂತೇಶ ಆ ಬೆಂಚಿನ ಕಾಯಂ ಗಿರಾಕಿಯಾದ. ಚಾರ್ಜರಿನ ಮೇಲಿನ ದೀಪಗಳ ಅರ್ಥ ಕಲಿತ. ಕೆಂಪಿದ್ದರೆ ತುಂಬುತ್ತಿದೆ, ಹಸಿರಾದರೆ ತುಂಬಿತು. ಲಿಥಿಯಂ ಬ್ಯಾಟರಿಗೆ ಬೇರೆಯೇ ಗುಂಡಿ ಇದೆ, ಅದು ಸಾದಾ ಬ್ಯಾಟರಿಗಿಂತ ಬೇಗನೆ ತುಂಬುತ್ತದೆ ಎಂಬುದನ್ನೂ ಕಲಿತ. ಆದರೂ ಒಂದು ಸಂಗತಿ ಅವನ ಗಮನದಲ್ಲಿತ್ತು. ಎಷ್ಟು ಗಾಡಿ ಒದರಿದರೂ ಗುರುಬಸವ್ವನಿಗೆ ಸಮಾಧಾನವಿರಲಿಲ್ಲ. ಹೊಸ ಗಿರಾಕಿ ಯಾವನಾದರೂ, "ಕುದಸೂ ಗುರುಬಸವ್ವಾರ ಅಂಗಡಿ ಇದೇ ಏನ್ರಿ?" ಎಂದು ಕೇಳಿಕೊಂಡು ಬಂದರೆ ಆಕೆಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

"ಯಾರ ಕುದಸಿದ್ರು ಅನ್ನೂದನ್ನ ಅವನ ಬಾಯಿಂದ ಹೇಳಸ್ತೇನಿ," ಎಂದು ಒಮ್ಮೆ ಹೇಳಿದ್ದಳು. "ಅದ ಪೇಟ್ಯಾಗ. ಅದ ಮಾಸ್ತರ ಮುಂದ."

ಈ ಜೂನ್ ತಿಂಗಳ ಒಂದು ಬುಧವಾರ ಔಷಧ ತರುವ ಹುಬ್ಬಳ್ಳಿಯ ಲಾರಿ ಬರದೆ ಕಾಂತೇಶನಿಗೆ ಕೆಲಸವಿರಲಿಲ್ಲ. ಬೆಂಚಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ. ಒಂಬತ್ತೂವರೆಗೆ ಅಂದಾನೆಪ್ಪ ಅಂಗಡಿಯಿಂದ ಇಳಿದು, ಅತ್ತಿತ್ತ ನೋಡಿ, ಮೂರು ವರ್ಷದಲ್ಲಿ ಮೊದಲ ಸಲ ಆ ಇಪ್ಪತ್ತು ಹೆಜ್ಜೆ ರಸ್ತೆ ದಾಟಿದ. ಕೈಯಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗಂಟು.

ಅದು ಅಳಿಯ ಸಿದ್ಧಾರೂಢನ ಬ್ಯಾಟರಿ. ರಾಮದುರ್ಗದಿಂದ ದುಬಾರಿ ಬೈಕಿನಲ್ಲಿ ಬಂದಿದ್ದ ಅಳಿಯ ಸಂಜೆ ಹೊಳ್ಳಿ ಹೋಗಬೇಕಿತ್ತು. ಗಾಡಿ ಏಳುತ್ತಿರಲಿಲ್ಲ. ಲಿಥಿಯಂ ಬ್ಯಾಟರಿ, ಮಾವನ ದೊಡ್ಡ ಚಾರ್ಜರಿಗೆ ಹಚ್ಚಿದರೆ ಕೈಬಿಟ್ಟಂತೆ. ಹೊಸದು ಹುಬ್ಬಳ್ಳಿಯಿಂದ ಬರಲು ಎರಡು ದಿನ. ಬ್ಯಾಟರಿ ಅಂಗಡಿಯ ಮಾವನ ಮನೆಯಲ್ಲಿ ಅಳಿಯನ ಗಾಡಿ ಬ್ಯಾಟರಿಯಿಲ್ಲದೆ ನಿಂತಿತ್ತು. ಎದುರಿನವರ ಹತ್ತಿರ ಲಿಥಿಯಂ ಚಾರ್ಜರ್ ಇದೆಯಂತಲ್ಲ ಎಂದು ಅಳಿಯನೇ ಹೇಳಿದ್ದ.

ಅಂದಾನೆಪ್ಪ ಗಂಟನ್ನು ಟೇಬಲ್ಲಿನ ಮೇಲಿಟ್ಟು, ಮುಖ ನೋಡದೆ, "ಹಚ್ಚಿ ಇಡು. ಆಮ್ಯಾಲ ಒಯ್ತೇನಿ," ಎಂದು ತಿರುಗಿದ.

"ಭಾವಾರ, ಬೋರ್ಡ ಓದ್ರಿ."

"ನಾನೂ ಓದಬೇಕೇನು?"

"ಮಾಲಕರೆಲ್ಲಾರೂ ಓದತಾರ್ರಿ. ತಗೋರಿ ಖಡು."

ಅಂದಾನೆಪ್ಪ ಖಡು ಹಿಡಿದು ಅಳಿಯನ ಬ್ಯಾಟರಿಯ ಮೇಲೆ ತನ್ನ ಹೆಸರು ಬರೆದ. ಕೊನೆಯ 'ಪ್ಪ' ಓರೆಯಾಯಿತು. ಗುರುಬಸವ್ವ ಲಿಥಿಯಂ ಗುಂಡಿ ಒತ್ತಿ, ಕ್ಲಿಪ್ಪು ಸಿಕ್ಕಿಸಿ, ಚಾರ್ಜರಿನ ಮೇಲೆ ಒಂದು ಬಟ್ಟೆ ಹೊದಿಸಿದಳು.

"ಗಿರಣಿ ಹಿಟ್ಟ ಬೀಳತೈತಿ," ಎಂದಳು. "ಲಿಥಿಯಂ ಐತ್ರಿ ಭಾವಾರ. ನಿಧಾನ ತುಂಬತೈತಿ. ಸಂಜೀ ಮಟ ಆಕ್ಕೈತಿ."

"ಅದು ನನಗೂ ಗೊತ್ತೈತಿ," ಎಂದ ಅಂದಾನೆಪ್ಪ, ಮೂವತ್ತು ವರ್ಷದ ಬ್ಯಾಟರಿ ಸಾವಕಾರ. ಏನೂ ಗೊತ್ತಿಲ್ಲವೆಂದು ಹೇಳುವುದಕ್ಕಿಂತ ಬೆಂಚಿನ ಮೇಲೆ ಕೂರುವುದೇ ಅವನಿಗೆ ಹಗುರವಾಗಿ ಕಂಡಿತು.

ಕೂತ. ಊರು ಹಾಯ್ದು ಹೋಗತೊಡಗಿತು.

"ಏನ್ರಿ ಅಂದಾನೆಪ್ಪಾರ, ಅಂಗಡಿ ಬದಲಿ ಮಾಡಿದ್ರೇನು?"

"ನಿಮ್ಮ ಚಾರ್ಜರಿಗೆ ಆರಾಮಿಲ್ಲೇನ್ರಿ?"

"ನನ್ನ ಟ್ರ್ಯಾಕ್ಟರ್ ಬ್ಯಾಟರೀನೂ ಇಲ್ಲೇ ತರಲೇನ್ರಿ ಹಂಗಾದ್ರ?"

ಒಬ್ಬ ಬೈಕಿನವ ಬ್ಯಾಟರಿ ಕೂರಿಸಿಕೊಂಡು, ರೂಢಿಯಂತೆ ಎದುರಿನ ಬಾಗಿಲಿಗೆ ಹೋಗಿ ಎರಡು ಸಲ ಒದರಿ, ಹೊಳ್ಳಿ ನೋಡಿ, ಅಂದಾನೆಪ್ಪ ಇತ್ತ ಕೂತಿದ್ದನ್ನು ಕಂಡು, ಇಲ್ಲಿಗೂ ಬಂದು ಎರಡು ಸಲ ಒದರಿದ. ಕಾಂತೇಶನಿಗೆ ಶೇಂಗಾ ನೆತ್ತಿಗೇರಿತು. ಗುರುಬಸವ್ವ ನಗಲಿಲ್ಲ. ತಾಸಿಗೊಮ್ಮೆ, "ಭಾವಾರ, ಚಾ ತಗೋರಿ," ಎಂದು ಮೂರನೆಯ ಅಂಗಡಿಗೂ ಕೇಳುವಂತೆ ಕರೆದು ಕಪ್ಪು ಕೊಟ್ಟಳು. ಅವನು ಸೊಂಟ ನೆಟ್ಟಗೆ ಮಾಡಲು ಎದ್ದರೆ ಪ್ಲಗ್ಗಿನ ಮೇಲೆ ಕೈಯಿಟ್ಟಳು. ಅವನು ಕೂತ.

ಹನ್ನೊಂದರ ಸುಮಾರಿಗೆ ಆಕೆ ಫೋನು ಹಿಡಿದು ಗಿರಣಿಯ ಹಿಂದೆ ಹೋದಳು. ಕಾಂತೇಶ ಸುಮ್ಮನೆ ಕುತೂಹಲಕ್ಕೆ ಬಟ್ಟೆಯ ಅಂಚೆತ್ತಿ ನೋಡಿದ. ಹಸಿರು ದೀಪ. ಬ್ಯಾಟರಿ ತುಂಬಿ ಚಾರ್ಜರು ತಾನೇ ಬಂದ್ ಆಗಿತ್ತು. ಬಾಯಿ ತೆರೆದ. ಬಾಗಿಲಲ್ಲಿ ಗುರುಬಸವ್ವ ನಿಂತು ಅವನನ್ನೇ ನೋಡುತ್ತಿದ್ದಳು. ಕಾಂತೇಶ ಬಟ್ಟೆ ಇಳಿಸಿ, ಬಾಯಿ ಮುಚ್ಚಿ, ಬಹಳ ಆಸಕ್ತಿಯಿಂದ ಶೇಂಗಾ ಸಿಪ್ಪೆಯನ್ನು ಎಣಿಸತೊಡಗಿದ.

ಮಧ್ಯಾಹ್ನವಾಯಿತು. ಅಂದಾನೆಪ್ಪನ ಬಿಳಿ ಅಂಗಿಯ ಮೇಲೆ ಜೋಳದ ಹಿಟ್ಟು ಕೂತಿತು. ಮನೆಯಿಂದ ಬುತ್ತಿ ಬಂತು, ಬೆಂಚಿನ ಮೇಲೆಯೇ ಊರಿಗೆ ಬೆನ್ನು ಮಾಡಿ ಉಂಡ. ಎದುರಿನ ತನ್ನ ಅಂಗಡಿಗೆ ಗಿರಾಕಿಗಳು ಬಂದು, ಕುರ್ಚಿ ಖಾಲಿ ನೋಡಿ, ಬೆಂಚಿನ ಮೇಲೆ ಅವನನ್ನು ನೋಡಿ, ನಕ್ಕು ಹೋದರು. ಮೂರು ಸಲ ಅಳಿಯನ ಫೋನು ಬಂತು. "ಲಿಥಿಯಂ ಅಲ್ಲೇನಪಾ, ನಿಧಾನ ಆಕ್ಕೈತಿ," ಎಂದು ಅಂದಾನೆಪ್ಪ ಅಳಿಯನಿಗೇ ಪಾಠ ಹೇಳಿದ.

ಐದಕ್ಕೆ ಹತ್ತು ನಿಮಿಷವಿರುವಾಗ ಗಾಡಿಯೊಂದು ಬಂದು ನಿಂತಿತು. ನೀಲಕಂಠ ಮಾಸ್ತರರು. ಪೇಟೆ ಸಂಜೆಯ ಗದ್ದಲದಲ್ಲಿತ್ತು.

"ಗುರುಬಸವ್ವಾ, ಫೋನ್ ಮಾಡಿದ್ದಿಯಲ್ಲ, ಏನವಾ ಅಷ್ಟ ಅರ್ಜೆಂಟ್?"

ಗುರುಬಸವ್ವ ಅಳಿಯನ ಬ್ಯಾಟರಿಯನ್ನು ಎದೆಗವಚಿಕೊಂಡು ಹೊರಗೆ ಬಂದಳು. "ಬರ್ರಿ ಗುರುಗಳ. ಭಾವಾರ ನಿಮಗೊಂದ ಮಾತ ಹೇಳೂದೈತಂತ. ಹೇಳ್ರಿ ಭಾವಾರ, ಮೂರ ವರ್ಷದ ಹಿಂದ ಇವರ ಬ್ಯಾಟರಿ ದೊಡ್ಡ ಚಾರ್ಜರಿಗೆ ಹಚ್ಚಿದವರ ಯಾರು?"

ಅಂದಾನೆಪ್ಪ ಎದ್ದು ನಿಂತ. ಕಣ್ಣು ಬ್ಯಾಟರಿಯ ಮೇಲೆ. ಅಷ್ಟರಲ್ಲಿ ಕಿಸೆಯಲ್ಲಿ ಅಳಿಯನ ಫೋನು ಮತ್ತೆ ಬಡಿದುಕೊಂಡಿತು. ಗಿರಣಿಗೆ ಬಂದವರು ಹಿಟ್ಟಿನ ಚೀಲ ಇಳಿಸಿ ನಿಂತರು. ಕಾಡಪ್ಪ ಗಿರಣಿಯ ಸ್ವಿಚ್ಚು ಆರಿಸಿದ.

"ನಾನ ಹಚ್ಚಿದ್ನಿ," ಎಂದ ಅಂದಾನೆಪ್ಪ, ಅಂಗಿಯ ಗುಂಡಿಗೆ ಹೇಳಿದಂತೆ.

"ಬಸ್ ಹಾದ ಹೋತು, ಕೇಳಸಲಿಲ್ರಿ," ಎಂದಳು ಗುರುಬಸವ್ವ.

"ನಾನ ಹಚ್ಚಿದ್ನಿ! ದೊಡ್ಡ ಚಾರ್ಜರಿಗೆ! ಆಕಿ ಅಲ್ಲ!"

ಹಿಂದಿನಿಂದ ಯಾರೋ, "ಹಂಗಾದ್ರ ಕುದಸೂ ಅಂದಾನೆಪ್ಪ!" ಎಂದರು. ನಗೆ ಬೆಂಚಿನಿಂದ ಬಸ್ಸಿನ ನಿಲ್ದಾಣದವರೆಗೆ ಹಬ್ಬಿತು. ಮಾಸ್ತರರು ಪಾಪ ಗಲಿಬಿಲಿಯಾದರು.

"ಅಯ್ಯ, ಮೂರ ವರ್ಷ ಆತಲ್ಲವಾ. ನಾ ಅದನ್ನ ಮರತ ಬಿಟ್ಟಿದ್ನಿ."

"ನಾ ಮರತಿಲ್ರಿ," ಎಂದಳು ಗುರುಬಸವ್ವ. ಮೀಟರು ಹಿಡಿದು ವೋಲ್ಟು ತೋರಿಸಿ, ಬ್ಯಾಟರಿಯನ್ನು ಭಾವನ ಕೈಗೆ ಕೊಟ್ಟಳು. ಅವನು ಟವೆಲ್ಲು ಮರೆತು, ತನ್ನ ಹೆಸರು ಬರೆದ ಬ್ಯಾಟರಿಯನ್ನು ಊರೆಲ್ಲ ಕಾಣುವ ಹಾಗೆ ಹಿಡಿದುಕೊಂಡು ರಸ್ತೆ ದಾಟಿದ.

ಜನ ಚದುರಿದರು. ಗುರುಬಸವ್ವ ಕ್ಲಿಪ್ಪುಗಳನ್ನು ಒರೆಸಿ ಸುತ್ತುತ್ತಿದ್ದಳು. ಕಾಂತೇಶನಿಗೆ ಬೆಳಗಿನಿಂದ ನುಂಗಿಕೊಂಡಿದ್ದು ತಡೆಯಲಿಲ್ಲ. ಏಜೆನ್ಸಿಗೆ ಹೊಟ್ಟೆನೋವಿನ ಸುಳ್ಳು ಹೇಳಿದವನು ತಾನು, ಕೇಳುವ ಯೋಗ್ಯತೆ ಇಲ್ಲವೆಂದು ಗೊತ್ತಿದ್ದೂ ಕೇಳಿದ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಹನ್ನೊಂದಕ್ಕ ಹಸರ ದೀಪ ಬಂದಿತ್ತು. ಸಂಜೀ ಮಟ ಆಕ್ಕೈತಿ ಅಂತ ಅವರನ್ನ ಕುಂದರಸಿದ್ರಿ. ಅವರ ಸುಳ್ಳ ಹೇಳಿದ್ರಂತನ ಇಷ್ಟೆಲ್ಲಾ ನಡೀತು. ನಿಮ್ದೂ ಸುಳ್ಳ ಅಲ್ಲೇನ್ರಿ?"

"ಸುಳ್ಳ," ಎಂದಳು ಗುರುಬಸವ್ವ. "ಮಾಸ್ತರ ಸಾಲಿ ಬಿಡೂದು ನಾಕೂವರಿಗೆ. ಅಲ್ಲೀತನಾ ಅವನ್ನ ಎಲ್ಲಿಡ್ಲಿ?"